ರೇಷ್ಮೆ ಹುಳುವಿನ ಜೀನೂ ಕೋಶಕೇಂದ್ರದ ತೂಬೂ

1786ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಒಂದು ಕಾಗದ ಬರೆಸಿದ. ರೇಷ್ಮೆ ಹುಳು ತರಲು ಬಂಗಾಳಕ್ಕೆ ಹೋಗಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಹಿಂದಿರುಗುತ್ತಿದ್ದಾರೆ, ಹುಳು ಸಾಕುವ ಕ್ರಮವನ್ನು ಅವರಿಂದಲೇ ಕೇಳಿ ತಿಳಿದು ತಕ್ಕ ಏರ್ಪಾಡು ಮಾಡು ಎಂಬುದು ಅದರ ಸಾರ. ಅಂದಿನಿಂದ ಹಳೆ ಮೈಸೂರು ಸೀಮೆಯ ರೇಷ್ಮೆ ಕಸುಬಿನ ಚರ್ಚೆ ಬಹುಪಾಲು ಒಂದೇ ಪ್ರಶ್ನೆಯ ಸುತ್ತ ತಿರುಗಿದೆ: ಯಾವ ಹುಳು ಒಳ್ಳೆಯದು? ಹಸಿರುಗಟ್ಟಿದ ಹಳದಿ ಗೂಡಿನ ಮೈಸೂರು ತಳಿಯೋ, ಅದಕ್ಕೆ ಹೊರಗಿನ ತಳಿ ಕೂಡಿಸಿದ ಮಿಶ್ರತಳಿಯೋ, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ 1990ರ ದಶಕದಲ್ಲಿ ರೂಪಿಸಿದ ಬಿಳಿ ಗೂಡಿನ ದ್ವಿತಳಿಯೋ? ನಾಗಮಂಗಲದ ಬೆಳೆಗಾರ ಮೊಟ್ಟೆ ತರುವಾಗ ಕೇಳುವುದೂ ಇದನ್ನೇ, ವಿಜ್ಞಾನಿ ಸಂಶೋಧನೆಗೆ ಹಣ ಬೇಡುವಾಗ ಹೇಳುವುದೂ ಇದನ್ನೇ.

ಈ ಪ್ರಶ್ನೆಯ ಬೆನ್ನಿಗೆ ಒಂದು ನಂಬಿಕೆ ನಿಂತಿದೆ. ಗುಣವೆಲ್ಲ ತಳಿಯಲ್ಲಿದೆ, ತಳಿಯೆಂದರೆ ಜೀನ್, ಒಳ್ಳೆಯ ಜೀನ್ ಸಿಕ್ಕರೆ ಕೆಲಸ ಮುಗಿಯಿತು. ನಂಬಿಕೆ ಸುಳ್ಳಲ್ಲ, ಆದರೆ ಅದು ಹೇಳುವುದು ಅರ್ಧವನ್ನು ಮಾತ್ರ. ಉಳಿದರ್ಧ ಅದೇ ಹುಳುವಿನ ಹೊಟ್ಟೆಯೊಳಗಿದೆ.

ಹುಳುವಿನ ಮೈಯ ಎರಡೂ ಪಕ್ಕದಲ್ಲಿ ಒಂದೊಂದು ಉದ್ದನೆಯ ರೇಷ್ಮೆ ಗ್ರಂಥಿ ಇರುತ್ತದೆ. ಮೂಲದಲ್ಲಿ ಅದು ರೂಪ ಬದಲಿಸಿಕೊಂಡ ಜೊಲ್ಲುಗ್ರಂಥಿ. ಅದರ ಹಿಂಭಾಗ ನೂಲಿನ ತಿರುಳಾದ ಫೈಬ್ರಾಯಿನ್ ತಯಾರಿಸುತ್ತದೆ. ನಡುಭಾಗ ನೂಲಿಗೆ ಸವರುವ ಅಂಟು, ಅಂದರೆ ಸೆರಿಸಿನ್ ತಯಾರಿಸುತ್ತದೆ. ಮುಂಭಾಗ ಬರಿಯ ನಾಳ. ಹಿಂಭಾಗದಲ್ಲಿರುವುದು ಹೆಚ್ಚೆಂದರೆ ಐನೂರರಷ್ಟು ಕೋಶ, ಮತ್ತು ಆ ಲೆಕ್ಕ ಮೊಟ್ಟೆಯೊಳಗೇ ಮುಗಿದುಹೋಗಿರುತ್ತದೆ. ಹುಳು ಹೊರಬಂದ ಮೇಲೆ ಈ ಕೋಶಗಳು ಒಡೆದು ಎರಡಾಗುವುದಿಲ್ಲ. ಬದಲಿಗೆ ಪ್ರತಿ ಕೋಶವೂ ತನ್ನೊಳಗಿನ ಡಿಎನ್ಎಯನ್ನು 17ರಿಂದ 19 ಸುತ್ತು ದುಪ್ಪಟ್ಟು ಮಾಡಿಕೊಳ್ಳುತ್ತ ಹೋಗುತ್ತದೆ. ಹುಳು ಹಣ್ಣಾಗುವ ಹೊತ್ತಿಗೆ ಒಂದೇ ಕೋಶದಲ್ಲಿ ಪ್ರತಿ ಜೀನಿನ ಲಕ್ಷಗಟ್ಟಲೆ ಪ್ರತಿಗಳಿರುತ್ತವೆ. ಅಷ್ಟು ಡಿಎನ್ಎ ಹಿಡಿಸಿಕೊಳ್ಳಲು ಕೋಶಕೇಂದ್ರವೂ ಉಂಡೆಯಾಗಿ ಉಳಿಯದೆ ಕೊಂಬೆ ಕೊಂಬೆಯಾಗಿ ಕೋಶದ ತುಂಬ ಹರಡುತ್ತದೆ.

ಫೈಬ್ರಾಯಿನ್ನಿನ ಮುಖ್ಯ ಸರಪಳಿಗೆ ಜೀನ್ ಸಮೂಹದಲ್ಲಿರುವುದು ಒಂದೇ ಒಂದು ಜೀನ್. ಹಿಂಭಾಗದ ಕೋಶದಲ್ಲಿ ಅದು ಎಡೆಬಿಡದೆ ದುಡಿಯುತ್ತದೆ. ನಡುಭಾಗದ ಕೋಶದಲ್ಲೂ ಅದೇ ಜೀನ್ ಇದೆ, ಅಲ್ಲೂ ಲಕ್ಷಗಟ್ಟಲೆ ಪ್ರತಿಗಳಲ್ಲಿದೆ, ಆದರೆ ತುಟಿ ಬಿಚ್ಚುವುದಿಲ್ಲ. ಎರಡೂ ಕೋಶಗಳ ನಡುವಿನ ಅಂತರ ಕೂದಲೆಳೆಯಷ್ಟು. ಜೀನ್ ಇರುವುದೇ ಗುಣಕ್ಕೆ ಸಾಕಾಗಿದ್ದರೆ ಗ್ರಂಥಿಯ ಉದ್ದಕ್ಕೂ ನೂಲು ಹುಟ್ಟಬೇಕಿತ್ತು.

ಜಾಗದಂತೆ ಕಾಲವೂ ಇಲ್ಲಿ ಆಟವಾಡುತ್ತದೆ. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಆಗ ಸೊಪ್ಪು ಮುಟ್ಟುವುದಿಲ್ಲ, ತಲೆಯೆತ್ತಿಕೊಂಡು ಅಲುಗದೆ ನಿಂತಿರುತ್ತದೆ, ಚರ್ಮ ಕಳಚಿ ಏಳುತ್ತದೆ. ಇದನ್ನು ಬೆಳೆಗಾರರ ಮನೆಯ ಮಕ್ಕಳೂ ಬಲ್ಲರು. ಪ್ರತಿ ಜ್ವರದಲ್ಲಿ ಫೈಬ್ರಾಯಿನ್ ಜೀನಿನ ಕೆಲಸ ನಿಲ್ಲುತ್ತದೆ, ಜ್ವರ ಬಿಟ್ಟ ಮೇಲೆ ಮತ್ತೆ ಶುರುವಾಗುತ್ತದೆ ಎಂಬುದನ್ನು ಜಪಾನಿನ ಮಯೆಕಾವಾ ಮತ್ತು ಸುಜುಕಿ 1980ರಲ್ಲಿ ತೋರಿಸಿದರು. ಜೀನ್ ಬದಲಾಗಿಲ್ಲ, ಕೋಶ ಬದಲಾಗಿಲ್ಲ, ಆದರೂ ಒಂದೇ ಸಾಲು ಡಿಎನ್ಎ ಮತ್ತೆ ಮತ್ತೆ ಆರಿ ಮತ್ತೆ ಮತ್ತೆ ಹೊತ್ತಿಕೊಳ್ಳುತ್ತದೆ.

ಇದಕ್ಕೆ ಪಠ್ಯಪುಸ್ತಕ ಕೊಡುವ ಉತ್ತರ ಸರಿಯಾದದ್ದೇ. ಡಿಎನ್ಎಗೆ ಅಂಟಿಕೊಂಡು ಜೀನನ್ನು ಎಬ್ಬಿಸುವ ನಿಯಂತ್ರಕ ಪ್ರೋಟೀನ್‌ಗಳಿವೆ. ಹುಳುವಿನ ಗ್ರಂಥಿಯಲ್ಲೂ ಅಂಥ ಕೆಲವನ್ನು ಗುರುತಿಸಲಾಗಿದೆ, ಹಾರ್ಮೋನುಗಳು ಅವನ್ನು ಏರಿಸಿ ಇಳಿಸುತ್ತವೆ. ಆದರೆ ಈ ಉತ್ತರ ಜೀನನ್ನು ಕಾಗದದ ಮೇಲಿನ ಅಕ್ಷರದಂತೆ ನೋಡುತ್ತದೆ. ನಿಜವಾದ ಜೀನ್ ಇಕ್ಕಟ್ಟಾದ ಕೋಶಕೇಂದ್ರದೊಳಗೆ ಸುರುಳಿ ಸುತ್ತಿಕೊಂಡು ಒಂದು ಜಾಗದಲ್ಲಿ ಕೂತಿದೆ, ಅದಕ್ಕೆ ನೆರೆಹೊರೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಪಿ. ಗೋಪಿನಾಥನ್ ಅವರ ತಂಡ ಪ್ರೋಟೀನ್ ಕಟ್ಟಲು ನೆರವಾಗುವ ಟಿಆರ್‌ಎನ್ಎಗಳ ಜೀನ್‌ಗಳನ್ನು ಹುಳುವಿನಲ್ಲಿ ಅಭ್ಯಸಿಸಿದಾಗ ಕಂಡದ್ದು ಇಂಥದೇ ಸಂಗತಿ. ತಿರುಳಿನಲ್ಲಿ ಒಂದೇ ಆಗಿರುವ ಪ್ರತಿಗಳು ಅಕ್ಕಪಕ್ಕದ ಡಿಎನ್ಎಗೆ ತಕ್ಕಂತೆ ಕೆಲವು ಜೋರಾಗಿ, ಕೆಲವು ಸಾಧಾರಣವಾಗಿ, ಕೆಲವು ಮಂದವಾಗಿ ಕೆಲಸ ಮಾಡುತ್ತಿದ್ದವು. ನೆರೆಯ ಅಕ್ಷರಗಳಿಗೇ ಅಷ್ಟು ಬಲವಿದ್ದರೆ ನೆರೆಯ ಕಟ್ಟಡಕ್ಕೆ?

ಕೋಶಕೇಂದ್ರದ ಸುತ್ತ ಎರಡು ಪದರದ ಪೊರೆ ಇದೆ. ಆ ಪೊರೆಯಲ್ಲಿ ರಂಧ್ರಗಳಿರುವುದನ್ನು ಕ್ಯಾಲನ್ ಮತ್ತು ಟಾಮ್ಲಿನ್ 1950ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಪ್ರತಿ ರಂಧ್ರವೂ ಎಂಟು ಮಡಿಕೆಯ ಚಕ್ರದಂತೆ ಜೋಡಿಸಿದ ದೊಡ್ಡ ಕಟ್ಟಡ. ಸುಮಾರು 30 ಬಗೆಯ ಪ್ರೋಟೀನ್, ಒಟ್ಟು ಸಾವಿರದ ಆಸುಪಾಸಿನ ಅಣುಗಳು ಸೇರಿ ಅದು ಆಗಿದೆ. ಈ ಪ್ರೋಟೀನ್‌ಗಳಿಗೆ ನ್ಯೂಕ್ಲಿಯೊಪೋರಿನ್ ಎಂದು ಹೆಸರು, ಚಿಕ್ಕದಾಗಿ ನುಪ್. ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕೋಶದಲ್ಲಿ ಇಂಥ ಎರಡು ಮೂರು ಸಾವಿರ ರಂಧ್ರಗಳಿರುತ್ತವೆ. ಸಣ್ಣ ಅಣುಗಳು ತಾವೇ ನುಸುಳುತ್ತವೆ, ದೊಡ್ಡವಕ್ಕೆ ಗುರುತಿನ ಚೀಟಿಯೂ ಕರೆದೊಯ್ಯುವ ಜೊತೆಗಾರನೂ ಬೇಕು. ಒಂದೇ ರಂಧ್ರದಲ್ಲಿ ಸೆಕೆಂಡಿಗೆ ಸಾವಿರದಷ್ಟು ಸಾಗಣೆ ನಡೆಯಬಲ್ಲದು. ಬಹುಕಾಲ ರಂಧ್ರದ ಬಗ್ಗೆ ಹೇಳಲು ಇಷ್ಟೇ ಇತ್ತು: ಅದು ಬರಹೋಗುವ ದಾರಿ.

ವಿಶ್ವೇಶ್ವರಯ್ಯ ನಾಲೆಯ ತೂಬನ್ನು ಕಂಡವರಿಗೆ ಈ ವಿವರಣೆ ಎಲ್ಲಿ ಅರೆಬರೆ ಎಂದು ಹೊಳೆಯದೆ ಇರದು. ಪಾಂಡವಪುರದ ರೈತನಿಗೆ ತೂಬೆಂದರೆ ನೀರು ಹಾಯುವ ಕಿಂಡಿ ಅಷ್ಟೇ ಅಲ್ಲ. ಅಲ್ಲೊಬ್ಬ ನೀರುಗಂಟಿ ಇರುತ್ತಾನೆ, ಯಾವ ಗದ್ದೆಗೆ ಯಾವಾಗ ಸರದಿ ಎಂಬುದು ಅವನ ಕೈಯಲ್ಲಿದೆ, ತೂಬಿನ ಬಾಯಲ್ಲಿರುವ ಗದ್ದೆಗೂ ಕೊನೆಯ ಗದ್ದೆಗೂ ಒಂದೇ ನ್ಯಾಯ ಸಿಗುವುದಿಲ್ಲ. ಕೋಶಕೇಂದ್ರದ ತೂಬಿಗೂ ನೀರುಗಂಟಿಯ ಕೆಲಸ ಇರಬಹುದೇ?

1985ರಲ್ಲಿ ಗುಂಟರ್ ಬ್ಲೋಬೆಲ್ ಕೇಳಿದ್ದು ಹೆಚ್ಚುಕಡಿಮೆ ಇದನ್ನೇ. ಮುಂದೆ 1999ರಲ್ಲಿ ಬೇರೊಂದು ಶೋಧಕ್ಕೆ ನೊಬೆಲ್ ಪಡೆದ ಈ ವಿಜ್ಞಾನಿಯ ಊಹೆ ಹೀಗಿತ್ತು: ದುಡಿಯುವ ಜೀನ್‌ಗಳು ರಂಧ್ರಗಳ ಬಳಿ ಕಟ್ಟಿಹಾಕಿದಂತೆ ಇರುತ್ತವೆ, ಯಾವ ಜೀನ್ ಯಾವ ರಂಧ್ರದ ಬಳಿ ಎಂಬುದು ಕೋಶದ ಬಗೆಗೆ ತಕ್ಕಂತೆ ಬದಲಾಗುತ್ತದೆ, ಆದ್ದರಿಂದ ರಂಧ್ರಗಳ ಹಂಚಿಕೆಯೇ ಕೋಶದ ಕಸುಬಿನ ನಕಾಶೆ. ಆಗ ಅದಕ್ಕೆ ಪುರಾವೆ ಇರಲಿಲ್ಲ. ಪೊರೆಯ ಒಳಮೈಗೆ ಅಂಟಿದ ಡಿಎನ್ಎ ಬಹುಪಾಲು ಬಿಗಿಯಾಗಿ ಸುತ್ತಿಕೊಂಡು ಮಲಗಿರುತ್ತದೆ, ರಂಧ್ರದ ಎದುರಿಗೆ ಮಾತ್ರ ಬಯಲು ಬಿಟ್ಟಂತಿರುತ್ತದೆ ಎಂಬ ಸೂಕ್ಷ್ಮದರ್ಶಕದ ಚಿತ್ರವಷ್ಟೇ ಅವರ ಬೆಂಬಲಕ್ಕಿತ್ತು.

ಮೊದಲು ಪುರಾವೆ ಒದಗಿದ್ದು ಯೀಸ್ಟಿನಿಂದ. ಗ್ಯಾಲಕ್ಟೋಸ್ ಸಕ್ಕರೆ ಸಿಕ್ಕಾಗ ಎಚ್ಚರಗೊಳ್ಳುವ ಜೀನ್‌ಗಳು ಒಳಗಿನಿಂದ ಪೊರೆಯ ಕಡೆಗೆ ಸರಿದು ರಂಧ್ರದ ಪ್ರೋಟೀನ್‌ಗಳಿಗೆ ತಗುಲಿಕೊಳ್ಳುತ್ತವೆ. ಸಕ್ಕರೆ ತೆಗೆದ ಮೇಲೂ ಹಲವು ತಲೆಮಾರಿನ ಕೋಶಗಳವರೆಗೆ ಅಲ್ಲೇ ಉಳಿಯುತ್ತವೆ, ಎರಡನೆಯ ಸಲ ಸಕ್ಕರೆ ಸಿಕ್ಕಾಗ ಬೇಗ ಏಳುತ್ತವೆ ಎಂದು ಜೇಸನ್ ಬ್ರಿಕ್ನರ್ ತಂಡ 2007ರಲ್ಲಿ ತೋರಿಸಿತು. ಎಂದರೆ ಜೀನ್ ಕೂತ ಜಾಗವೇ ಅದರ ನೆನಪಾಗಬಲ್ಲದು.

ಯೀಸ್ಟ್ ಒಂಟಿ ಕೋಶದ ಜೀವಿ, ಅದಕ್ಕೆ ಕಸುಬಿನ ಹಂಚಿಕೆ ಎಂಬುದಿಲ್ಲ. ಬಹುಕೋಶಿಯಲ್ಲಿ ಏನಾಗುತ್ತದೆ ಎಂಬುದಕ್ಕೆ 2010ರಲ್ಲಿ ಹಣ್ಣುನೊಣದ ಮೇಲಿನ ಎರಡು ಅಧ್ಯಯನ ಒಟ್ಟಿಗೆ ಬಂದವು. ಅವುಗಳಲ್ಲಿ ಒಂದರಲ್ಲಿ ಮಾಯಾ ಕೆಪಲ್ಸನ್ ಮತ್ತು ಮಾರ್ಟಿನ್ ಹೆಟ್ಸರ್ ನೋಡಿದ್ದು ನೊಣದ ಮರಿಹುಳುವಿನ ಜೊಲ್ಲುಗ್ರಂಥಿಯ ದೈತ್ಯ ವರ್ಣತಂತುಗಳನ್ನು, ಅಂದರೆ ನಮ್ಮ ರೇಷ್ಮೆ ಗ್ರಂಥಿಯ ದಾಯಾದಿಯನ್ನೇ. ನುಪ್-98ರಂಥ ಪ್ರೋಟೀನ್‌ಗಳು ದುಡಿಯುವ ಜೀನ್‌ಗಳಿಗೆ ಅಂಟಿಕೊಂಡಿದ್ದವು, ಅವನ್ನು ಕಡಿಮೆ ಮಾಡಿದರೆ ಜೀನಿನ ದುಡಿಮೆಯೂ ಇಳಿಯಿತು. ಆದರೆ ಅಂಟಿಕೊಂಡ ಜಾಗ ಬಹಳಷ್ಟು ಕಡೆ ರಂಧ್ರದ ಬಳಿ ಇರಲಿಲ್ಲ, ಕೋಶಕೇಂದ್ರದ ಒಡಲೊಳಗಿತ್ತು. ನೀರುಗಂಟಿ ತೂಬು ಬಿಟ್ಟು ಗದ್ದೆಗೇ ಇಳಿದಿದ್ದ.

ಸಸ್ತನಿಗಳಲ್ಲಿ ಚಿತ್ರ ಇನ್ನೂ ಗೋಜಲಾಯಿತು, ಇನ್ನೂ ಸ್ವಾರಸ್ಯಕರವೂ ಆಯಿತು. 2012ರಲ್ಲಿ ಮ್ಯಾಕ್ಸಿಮಿಲಿಯಾನೊ ಡ'ಆಂಜೆಲೊ ಮತ್ತು ಹೆಟ್ಸರ್ ತಂಡ ಇಲಿಯ ಸ್ನಾಯುಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ನೋಡಿತು. ಒಡೆದು ಹೆಚ್ಚುತ್ತಿರುವ ಎಳೆಯ ಕೋಶದ ರಂಧ್ರದಲ್ಲಿ ನುಪ್-210 ಇರಲಿಲ್ಲ. ಕೋಶ ಸ್ನಾಯುವಾಗಲು ಹೊರಟಾಗ ಅದು ಬಂದು ಸೇರಿತು. ಅದನ್ನು ತಡೆದರೆ ಕೋಶ ಸ್ನಾಯುವಾಗಲಿಲ್ಲ, ಮೊದಲೇ ತುಂಬಿದರೆ ಬೇಗ ಆಯಿತು. ಕಾಂಡಕೋಶ ನರಕೋಶದ ಹಾದಿ ಹಿಡಿಯುವಲ್ಲೂ ಹೀಗೆಯೇ. ಇಷ್ಟಾದರೂ ರಂಧ್ರದ ಸಾಗಣೆಯಲ್ಲಿ ಏರುಪೇರು ಕಾಣಲಿಲ್ಲ. ನುಪ್-153ರ ಪಾತ್ರ ಇದಕ್ಕೆ ಎದುರು. ಕಾಂಡಕೋಶದಲ್ಲಿ ಅದು ಬೆಳವಣಿಗೆಯ ಜೀನ್‌ಗಳನ್ನು ಅದುಮಿ ಹಿಡಿಯುತ್ತದೆ, ಅದು ಇಲ್ಲದಿದ್ದರೆ ಕೋಶ ಹೊತ್ತಿಗೆ ಮೊದಲೇ ಕಸುಬು ಹಿಡಿದುಬಿಡುತ್ತದೆ ಎಂದು 2015ರ ಅಧ್ಯಯನ ಹೇಳಿತು. ಒಂದು ಮುಂದಕ್ಕೆ ತಳ್ಳುವುದು, ಇನ್ನೊಂದು ತಡೆದು ನಿಲ್ಲಿಸುವುದು. ಎರಡೂ ಒಂದೇ ಕಟ್ಟಡದ ಕೆಲಸಗಾರರು.

ಇಲ್ಲಿಗೆ ನಿಲ್ಲಿಸಿದರೆ ಲೇಖನ ಸುಲಭವಾಗಿ ಮುಗಿಯುತ್ತಿತ್ತು. ಆದರೆ ಜೀನನ್ನು ದೇವರ ಪೀಠದಿಂದ ಇಳಿಸಿ ಆ ಜಾಗಕ್ಕೆ ರಂಧ್ರವನ್ನು ಕೂರಿಸಿದರೆ ನಾವು ಕಲಿತದ್ದೇನೂ ಇಲ್ಲ. ಪುರಾವೆಯನ್ನು ಕುಟ್ಟಿ ನೋಡಬೇಕು.

ಮೊದಲ ಆಕ್ಷೇಪ ಸಾಗಣೆಯದು. ನುಪ್ ಕೆಟ್ಟರೆ ಯಾವುದೋ ನಿಯಂತ್ರಕ ಪ್ರೋಟೀನ್ ಒಳಗೆ ಬರಲಾಗದೆ ಜೀನ್ ಸುಮ್ಮನಿರಬಹುದು, ಆಗ ರಂಧ್ರಕ್ಕೆ ಆಡಳಿತದ ಕೆಲಸವಿದೆ ಎನ್ನಲಾಗದು. ನುಪ್-210ರ ವಿಷಯದಲ್ಲಿ ಒಟ್ಟಾರೆ ಸಾಗಣೆ ಸರಿಯಿತ್ತು ಎಂಬುದು ಇದಕ್ಕೆ ಉತ್ತರವಾದರೂ, ನೋಡದೆ ಬಿಟ್ಟ ಯಾವುದೋ ಒಂದು ಸರಕಿನ ಸಾಧ್ಯತೆ ಪೂರ್ತಿ ಅಳಿಯುವುದಿಲ್ಲ.

ಎರಡನೆಯದು ಕೋಶವಿಭಜನೆಯದು. ನಮ್ಮ ಕೋಶಗಳು ಒಡೆಯುವಾಗ ಕೇಂದ್ರದ ಪೊರೆ ಕಳಚಿ ರಂಧ್ರಗಳೂ ಬಿಡಿಯಾಗುತ್ತವೆ. ಕೆಲವು ನುಪ್‌ಗಳು ಆಗ ವರ್ಣತಂತು ಹಂಚುವ ಕೆಲಸಕ್ಕೂ ಕೈಹಾಕುತ್ತವೆ. ಒಡೆಯುವ ಕೋಶದಿಂದ ನುಪ್ ತೆಗೆದಾಗ ಕಾಣುವ ತೊಂದರೆ ಜೀನ್ ನಿಯಂತ್ರಣದ್ದೋ ವಿಭಜನೆಯದ್ದೋ ಎಂದು ಬಿಡಿಸುವುದು ಕಷ್ಟ.

ಮೂರನೆಯದು ಎಲ್ಲಕ್ಕಿಂತ ಗಟ್ಟಿ. ನುಪ್-210 ಸ್ನಾಯುಕೋಶದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದೇ ಪ್ರಯೋಗಾಲಯಗಳ ಬಳಗದಿಂದ ಎರಡು ವಿವರಣೆ ಬಂದವು. 2015ರಲ್ಲಿ, ಆ ಪ್ರೋಟೀನಿನ ಬಹುಭಾಗ ಎರಡು ಪೊರೆಗಳ ನಡುವಿನ ಸಂದಿಯಲ್ಲಿದ್ದು ಅಲ್ಲಿಯ ಒತ್ತಡವನ್ನು ಹದದಲ್ಲಿಡುತ್ತದೆ, ಕೋಶ ಬದುಕಿ ಸ್ನಾಯುವಾಗಲು ಅದೇ ಭಾಗ ಸಾಕು ಎಂದು ಒಂದು ವಾದ. 2017ರಲ್ಲಿ, ಅದು ಮೆಫ್2ಸಿ ಎಂಬ ನಿಯಂತ್ರಕವನ್ನು ರಂಧ್ರದ ಬಳಿಗೆ ಕರೆದು ಸ್ನಾಯುವಿನ ಜೀನ್‌ಗಳನ್ನು ಅಲ್ಲೇ ಎಬ್ಬಿಸುತ್ತದೆ ಎಂದು ಇನ್ನೊಂದು ವಾದ. ಮೊದಲನೆಯದರಲ್ಲಿ ಜೀನಿನ ಜಾಗಕ್ಕೆ ಬೆಲೆಯಿಲ್ಲ, ಎರಡನೆಯದರಲ್ಲಿ ಜಾಗವೇ ಎಲ್ಲ. ಇನ್ನು ನುಪ್-210 ಇಲ್ಲದ ಇಲಿಗಳು ಹುಟ್ಟಿ ಬದುಕುತ್ತವೆ. ಅವುಗಳಲ್ಲಿ 2018ರಲ್ಲಿ ಕಂಡ ದೊಡ್ಡ ಕೊರತೆ ರೋಗನಿರೋಧಕ ಟಿ-ಕೋಶಗಳದ್ದು. ತಟ್ಟೆಯಲ್ಲಿ ಇಲ್ಲದೆ ಆಗದು ಎನಿಸಿದ್ದು ಇಡೀ ಪ್ರಾಣಿಯಲ್ಲಿ ಹೇಗೋ ಸಾಗಿತು.

ಇದರಿಂದ ಸಿದ್ಧಾಂತ ಬಿದ್ದುಹೋಯಿತೇ? ನನ್ನ ಉತ್ತರ ಇಲ್ಲ ಎಂದು. ಇಲಿ ಬದುಕಿದ್ದು ಜೀವಿಯಲ್ಲಿ ಬದಲಿ ವ್ಯವಸ್ಥೆಗಳಿವೆ ಎಂಬುದಕ್ಕೆ ಸಾಕ್ಷಿ. ನುಪ್-210ಕ್ಕೆ ಕೆಲಸವೇ ಇಲ್ಲ ಎಂಬುದಕ್ಕೆ ಅಲ್ಲ. ಆದರೆ ಸಿದ್ಧಾಂತ ತನ್ನ ದನಿ ತಗ್ಗಿಸಬೇಕು. ಈವರೆಗಿನ ಪುರಾವೆ ಧೈರ್ಯವಾಗಿ ಹೇಳಗೊಡುವುದು ಇಷ್ಟು: ರಂಧ್ರದ ಪ್ರೋಟೀನ್‌ಗಳ ಪಟ್ಟಿ ಎಲ್ಲ ಕೋಶದಲ್ಲೂ ಒಂದೇ ಅಲ್ಲ, ಕೋಶ ಕಸುಬು ಹಿಡಿಯುವಾಗ ಆ ಪಟ್ಟಿ ಬದಲಾಗುತ್ತದೆ, ಬದಲಾವಣೆಯನ್ನು ತಡೆದರೆ ಕಸುಬು ಕೆಡಬಲ್ಲದು. ಹೇಗೆ ಕೆಡುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಒಂದೊಂದು ನುಪ್‌ಗೂ ಒಂದೊಂದು ದಾರಿ.

ಆ ದಾರಿಗಳನ್ನು ಬಿಡಿಸಿ ನೋಡಲು ಎಂಥ ಕೋಶ ಬೇಕು? ಅದು ಒಡೆಯಬಾರದು, ಆಗ ಎರಡನೆಯ ಆಕ್ಷೇಪ ತಾನಾಗಿ ಉದುರುತ್ತದೆ. ಅದರ ಪಕ್ಕದಲ್ಲೇ ಅದೇ ಜೀನ್‌ಗಳಿದ್ದೂ ಬೇರೆ ಕಸುಬು ಮಾಡುವ ಕೋಶವಿರಬೇಕು, ಹೋಲಿಸಿ ನೋಡಲು. ಒಂದು ಜೀನ್ ಗೊತ್ತಾದ ಹೊತ್ತಿಗೆ ಆರಿ ಹೊತ್ತಿಕೊಳ್ಳುತ್ತಿರಬೇಕು, ಯೀಸ್ಟಿನಲ್ಲಿ ಕಂಡ ನೆನಪು ಇಲ್ಲೂ ಇದೆಯೇ ಎಂದು ಕೇಳಲು. ಕೋಶಕೇಂದ್ರ ದೊಡ್ಡದಿದ್ದು ಜೀನಿನ ಜಾಗ ಕಣ್ಣಿಗೆ ಸಿಗಬೇಕು. ಒಂದು ಭಾಗದಲ್ಲಿ ಮಾತ್ರ ಪ್ರೋಟೀನ್ ತೆಗೆಯುವ ತಂತ್ರವೂ ಕೈಯಲ್ಲಿರಬೇಕು. ಇವೆಲ್ಲ ಕೂಡಿದ ಕೋಶ ಕೆ.ಆರ್. ಪೇಟೆಯ ಹುಳುಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಮೇಯುತ್ತಿದೆ. ಹುಳುವಿಗೆ ಹೊರಗಿನ ಜೀನ್ ಸೇರಿಸುವ ವಿಧಾನವನ್ನು ಜಪಾನಿನ ತಮುರಾ ತಂಡ 2000ದಲ್ಲೇ ರೂಪಿಸಿದೆ. ಹಿಂಭಾಗದಲ್ಲಿ ಮಾತ್ರ, ಇಲ್ಲವೇ ನಡುಭಾಗದಲ್ಲಿ ಮಾತ್ರ ಕೆಲಸ ಮಾಡುವ ಜೀನ್ ಸ್ವಿಚ್‌ಗಳೂ ಇವೆ. ಗ್ರಂಥಿಯ ಕೋಶಗಳು ಒಡೆಯದೆ ಡಿಎನ್ಎ ಹೆಚ್ಚಿಸಿಕೊಳ್ಳುವ ಬಗೆಯನ್ನು ಬೆಂಗಳೂರಿನಲ್ಲೇ ಗೋಪಿನಾಥನ್ ತಂಡ ಅಭ್ಯಸಿಸಿದೆ. ನೆಲ ಹಸನಾಗಿದೆ, ಬೀಜ ಬೀಳಬೇಕು.

ಇದರಿಂದ ಬೆಳೆಗಾರನಿಗೇನು ಬಂತು ಎಂದು ಕೇಳುವವರಿಗೆ ಎರಡು ಮಾತು ಹೇಳಬೇಕು. ಹಾಲುತೊಂಡೆ ರೋಗ ತಗುಲಿದರೆ ಹುಳು ಊದಿ, ಚರ್ಮ ಬಿರಿದು, ಹಾಲಿನಂಥ ರಸ ಸುರಿಸಿ ಸಾಯುತ್ತದೆ. ಅದನ್ನು ತರುವ ವೈರಸ್ ಬೆಳೆಯುವುದು ಕೋಶಕೇಂದ್ರದೊಳಗೆ. ಇದೇ ಕುಟುಂಬದ ಇನ್ನೊಂದು ವೈರಸ್ಸಿನ ಉದ್ದನೆಯ ಕವಚ ಹರಿಯದೆ ಇಡಿಯಾಗಿ ಈ ರಂಧ್ರದಲ್ಲೇ ತೂರಿ ಒಳಹೋಗುವುದನ್ನು 2016ರಲ್ಲಿ ದಾಖಲಿಸಲಾಗಿದೆ. ಹೈದರಾಬಾದಿನ ಸಿಡಿಎಫ್‌ಡಿ ಸಂಶೋಧನಾ ಸಂಸ್ಥೆಯಲ್ಲಿ ಜೆ. ನಾಗರಾಜು ಅವರ ತಂಡ ವೈರಸ್ಸಿನ ಜೀನ್‌ಗಳನ್ನೇ ಅಡಗಿಸಿ ರೋಗ ತಾಳುವ ಹುಳು ರೂಪಿಸಿತ್ತು. ವೈರಸ್ ಹಾಯುವ ದಾರಿಯನ್ನು ಅರಿಯುವುದು ಅದರ ಮುಂದಿನ ಹೆಜ್ಜೆ. ಎರಡನೆಯದು ಮನುಷ್ಯರದೇ ಸಂಗತಿ. ನುಪ್-98ರ ಜೀನ್ ಮುರಿದು ಬೇರೊಂದು ಜೀನಿಗೆ ಕೂಡಿಕೊಂಡಾಗ ಒಂದು ಬಗೆಯ ರಕ್ತ ಕ್ಯಾನ್ಸರ್ ಹುಟ್ಟುತ್ತದೆ ಎಂದು 1996ರಿಂದಲೇ ಗೊತ್ತು. ಆ ಕೋಶಗಳ ತೊಂದರೆ ಮುಖ್ಯವಾಗಿ ಇದೇ: ರಕ್ತಕೋಶವಾಗಿ ಬಲಿತು ಕಸುಬು ಹಿಡಿಯಬೇಕಾದವು ಎಳೆತನದಲ್ಲೇ ನಿಂತು ಹೆಚ್ಚುತ್ತ ಹೋಗುತ್ತವೆ.

ಆದರೂ ಲಾಭದ ಲೆಕ್ಕವೊಂದರಿಂದಲೇ ಈ ವಾದ ನಿಲ್ಲಬೇಕಾಗಿಲ್ಲ. ತಳಿ ಎಂಬ ಮಾತು ನಮ್ಮಲ್ಲಿ ಹುಳುವಿಗೆ ಮಾತ್ರ ಸೀಮಿತವಾಗಿಲ್ಲ. ಮನುಷ್ಯರ ಬುದ್ಧಿ, ರೋಗ, ಯೋಗ್ಯತೆ ಎಲ್ಲವನ್ನೂ ರಕ್ತದಲ್ಲೇ ಬಂದದ್ದು ಎಂದು ತೀರ್ಪು ಕೊಡುವ ಚಟ ಹಳೆಯದು, ಈಗ ಅದು ಜೀನ್ ಎಂಬ ಹೊಸ ಅಂಗಿ ತೊಟ್ಟಿದೆ. ಜೀನ್ ಪರೀಕ್ಷೆಯ ವರದಿಯನ್ನು ಜಾತಕದಂತೆ ಓದುವವರಿಗೆ ಕೋಶವಿಜ್ಞಾನ ಕೊಡುವ ಎಚ್ಚರಿಕೆ ಸರಳವಾಗಿದೆ. ಒಂದು ಕೋಶದ ಮಟ್ಟದಲ್ಲೇ ಜೀನ್ ಒಂಟಿಯಾಗಿ ಏನನ್ನೂ ತೀರ್ಮಾನಿಸುವುದಿಲ್ಲ, ಕೂತ ಜಾಗ, ಸುತ್ತಲಿನ ಕಟ್ಟಡ, ಹಿಂದಿನ ನೆನಪು, ಬಂದ ಹೊತ್ತು ಎಲ್ಲವೂ ಅದರೊಡನೆ ಮಾತಾಡುತ್ತವೆ. ಕೋಶಕ್ಕೇ ಇಷ್ಟು ಸಂಗತಿಗಳು ಬೇಕಾದರೆ ಮನುಷ್ಯನ ಬಗ್ಗೆ ಒಂದು ಸಾಲಿನ ಜೀನ್ ವರದಿ ಹಿಡಿದು ಮಾತಾಡುವವರಿಗೆ ಪುರಾವೆ ಕೇಳುವ ಹಕ್ಕು ನಮಗಿದೆ.

ಅದೇ ಹಕ್ಕನ್ನು ರಂಧ್ರದ ಸಿದ್ಧಾಂತದ ಮೇಲೂ ಚಲಾಯಿಸೋಣ. ಹಿಂಭಾಗದ ಗ್ರಂಥಿಯಲ್ಲಿ ಮಾತ್ರ ಒಂದು ನುಪ್ ತೆಗೆದು, ಸಾಗಣೆ ಸರಿಯಿದೆಯೇ ಎಂದು ಬೇರೆಯಾಗಿ ಅಳೆದು, ನಾಲ್ಕನೆಯ ಜ್ವರ ಬಿಟ್ಟ ಮೇಲೆ ಫೈಬ್ರಾಯಿನ್ ಜೀನ್ ಎಷ್ಟು ಬೇಗ ಏಳುತ್ತದೆ, ಆಗ ಅದು ಪೊರೆಯಿಂದ ಎಷ್ಟು ದೂರದಲ್ಲಿದೆ ಎಂದು ನೋಡಲಿ. ಸಾಗಣೆ ಸರಿಯಿದ್ದೂ ಜೀನ್ ತಡವಾಗಿ ಎದ್ದರೆ, ಅದರ ಜಾಗವೂ ಬದಲಾಗಿದ್ದರೆ, ಬ್ಲೋಬೆಲ್‌ರ ಊಹೆಗೆ ರೇಷ್ಮೆ ಹುಳು ಸಾಕ್ಷಿ ಹೇಳಿದಂತೆ. ಜಾಗ ಬದಲಾಗದೆ ಜೀನ್ ಮಾತ್ರ ತಡವಾದರೆ ಕೆಲಸ ಮಾಡುತ್ತಿರುವುದು ರಂಧ್ರ ಬಿಟ್ಟು ಅಲೆಯುವ ನುಪ್. ಏನೂ ತಡವಾಗದಿದ್ದರೆ ಆ ನುಪ್ ಈ ಕಸುಬಿಗೆ ಬೇಕಿಲ್ಲ, ಅದನ್ನೂ ಒಪ್ಪಿಕೊಂಡು ಮುಂದಿನದಕ್ಕೆ ಹೋಗಬೇಕು. ಮೂರರಲ್ಲಿ ಯಾವ ಉತ್ತರ ಬಂದರೂ ತಳಿಯ ಪಟ್ಟಿಗೆ ಇನ್ನೊಂದು ಹೆಸರು ಸೇರಿಸುವುದಕ್ಕಿಂತ ಹೆಚ್ಚು ಕಲಿಯುತ್ತೇವೆ. ರೇಷ್ಮೆ ಸಂಶೋಧನೆಗೆ ಮೀಸಲಿಡುವ ಹಣದಲ್ಲಿ ಒಂದು ಪಾಲು ಇಂಥ ಪ್ರಶ್ನೆಗೂ ಸಲ್ಲಬೇಕು ಎಂದು ನಾನು ಹೇಳುವುದು ಅದಕ್ಕೇ.